ಅಂಗಡಿಯಲ್ಲಿ ಚೆನ್ನಾಗಿದ್ದ ಮೀನು ಮನೆಗೆ ಬಂದು ಸತ್ತಿದ್ದೇಕೆ? ದೋಷ ಹುಡುಕುವ ಬಗೆ

ಎಂಟು ನಿಯಾನ್ ಟೆಟ್ರಾ ತಂದಿದ್ದೆ. ದೊಡ್ಡ ಚೈನ್ ಸ್ಟೋರ್. ಗೋಡೆ ತುಂಬ ಹೊಳೆಯುವ ಟ್ಯಾಂಕುಗಳು, ಯೂನಿಫಾರ್ಮ್ ಹಾಕಿದ ಹುಡುಗ, ಬಿಲ್ಲಿನ ಹಿಂದೆ ಗ್ಯಾರಂಟಿಯ ಸಣ್ಣಕ್ಷರ. ಮರುದಿನ ಬೆಳಿಗ್ಗೆ ಲೈಟ್ ಹಾಕಿದರೆ ಮೂರು ಸತ್ತಿದ್ದವು. ಒಂದು ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ಒಂದು ಗಿಡದ ಬುಡದಲ್ಲಿ ಬಿದ್ದಿತ್ತು. ಮೂರನೆಯದು ಅರ್ಧ ಮಾತ್ರ ಸಿಕ್ಕಿತು, ಉಳಿದರ್ಧವನ್ನು ಬಸವನಹುಳುಗಳು ಮುಗಿಸಿದ್ದವು. ನಾಲ್ಕನೇ ದಿನಕ್ಕೆ ಇನ್ನೂ ಮೂರು ಹೋದವು.

ಮೊದಲು ಅಂಗಡಿಯವರಿಗೆ ಬೈದುಕೊಂಡೆ. ಆಮೇಲೆ ನನಗೇ ಬೈದುಕೊಂಡೆ. ಎರಡರಿಂದಲೂ ಏನೂ ಗೊತ್ತಾಗಲಿಲ್ಲ. ನೀರಿನ ಸ್ಯಾಂಪಲ್ ಹಿಡಿದುಕೊಂಡು ಅಂಗಡಿಗೆ ಹೋದಾಗ ಆ ಹುಡುಗನನ್ನು ಸುಮ್ನೆ ಒಂದು ಮಾತು ಕೇಳಿದೆ: ‘ಈ ಮೀನು ನಿಮ್ಮಲ್ಲಿಗೆ ಬಂದದ್ದು ಯಾವತ್ತು?’ ಅವನು ಏನೂ ಮುಚ್ಚಿಡಲಿಲ್ಲ. ‘ನೀವು ತಗೊಂಡು ಹೋದ ದಿನಾನೇ, ಬೆಳಿಗ್ಗೆ’ ಅಂದ.

ಎರಡನೇ ಸಲ ಅದೇ ಅಂಗಡಿ, ಅದೇ ನೀರು. ಬದಲಾಯಿಸಿದ್ದು ಎರಡು. ಅಂಗಡಿಗೆ ಮೀನಿನ ಲೋಡ್ ಬಂದ ಮೇಲೆ ಎಂಟು ದಿನ ಕಾದು ತಂದೆ, ಮೊದಲು ಒಂದು ಬೇರೆ ಸಣ್ಣ ಟ್ಯಾಂಕಿನಲ್ಲಿ ಬಿಟ್ಟೆ. ಎಂಟರಲ್ಲಿ ಏಳು ಬದುಕಿದವು. ಒಂದೇ ಅನುಭವದಿಂದ ಶಾಸ್ತ್ರ ಬರೆಯಲು ಆಗುವುದಿಲ್ಲ, ನಿಜ. ಆದರೆ ಅಲ್ಲಿಂದ ಮುಂದೆ ನಾನು ‘ಯಾರದು ತಪ್ಪು’ ಅಂತ ಕೇಳುವುದನ್ನು ಬಿಟ್ಟು ‘ಯಾವ ಹಂತದಲ್ಲಿ ತಪ್ಪಿತು’ ಅಂತ ಹುಡುಕಲು ಶುರುಮಾಡಿದೆ. ಚೈನ್ ಸ್ಟೋರ್‌ಗಳಲ್ಲಿ ಮೀನು ನೋಡಿಕೊಳ್ಳುವ ರೀತಿಯೇ ಬೇರೆ. ಅಲ್ಲಿನ ವ್ಯವಸ್ಥೆ ಇರುವುದು ಮೀನು ಮಾರಾಟವಾಗುವ ತನಕ, ಅಂದರೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕಲಿ ಅಂತ. ನಮಗೆ ಬೇಕಿರುವುದು ವರ್ಷಗಟ್ಟಲೆ. ಬಹಳಷ್ಟು ಸಾವುಗಳು ಆಗುವುದು ಈ ಎರಡು ಲೆಕ್ಕಗಳ ನಡುವೆ.

ನೀರು ಚೆಲ್ಲುವ ಮೊದಲು

ಸತ್ತ ಮೀನು ಕಂಡ ಕೂಡಲೇ ಗಾಬರಿಯಲ್ಲಿ ಅರ್ಧ ಟ್ಯಾಂಕ್ ಖಾಲಿ ಮಾಡಿ ಹೊಸ ನೀರು ತುಂಬುತ್ತೇವೆ. ಆಮೇಲೆ ಟೆಸ್ಟ್ ಕಿಟ್ ತೆಗೆಯುತ್ತೇವೆ. ಅಷ್ಟು ಹೊತ್ತಿಗೆ ಸಾಕ್ಷಿ ಚರಂಡಿ ಸೇರಿರುತ್ತದೆ. ಮೊದಲು ಒಂದು ಬಾಟಲಿಯಲ್ಲಿ ಕಾಲು ಲೀಟರ್ ನೀರು ಎತ್ತಿಡಿ. ಬಾಟಲಿಯನ್ನು ಸೋಪು ಹಾಕಿ ತೊಳೆಯಬೇಡಿ, ಬರಿ ನೀರು ಸಾಕು. ಸತ್ತ ಮೀನನ್ನು ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಬಿಲ್ಲು ಎಸೆಯಬೇಡಿ. ಗ್ಯಾರಂಟಿ ಕೊಡುವ ಅಂಗಡಿಗಳು ಸಾಮಾನ್ಯವಾಗಿ ಈ ಮೂರನ್ನೂ ಕೇಳುತ್ತವೆ. ಇಷ್ಟಾದ ಮೇಲೆ ಬೇಕಾದಷ್ಟು ನೀರು ಬದಲಾಯಿಸಿ.

ಎತ್ತಿಟ್ಟ ನೀರಿನಲ್ಲಿ ನೋಡಬೇಕಾದ್ದು ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್. ಮೊದಲಿನ ಎರಡು ಸೊನ್ನೆ ಇರಲೇಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಿರಬಾರದು. ಅಂಗಡಿಯಲ್ಲಿ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಾರೆ, ಆದರೆ ಬಹಳ ಕಡೆ ಕಾಗದದ ಪಟ್ಟಿ ಅದ್ದಿ ನೋಡುತ್ತಾರೆ ಅಷ್ಟೆ. ಅಂಥ ಎಷ್ಟೋ ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ. ನನ್ನ ನೀರನ್ನು ಅದ್ದಿ ‘ಎಲ್ಲಾ ಸರಿ ಇದೆ’ ಅಂದರಲ್ಲ, ಆ ಪಟ್ಟಿಯಲ್ಲೂ ಇರಲಿಲ್ಲ. ಹನಿ ಹಾಕಿ ಬಣ್ಣ ನೋಡುವ ಕಿಟ್ ಒಂದು ಮನೆಯಲ್ಲಿರಲಿ. ಹಳದಿ ನಿಂತರೆ ಸೊನ್ನೆ, ಹಸಿರಿಗೆ ತಿರುಗಿದರೆ ಅಮೋನಿಯಾ ಇದೆ. ಮನೆಯಲ್ಲಿ ನಾನು ಮತ್ತೆ ನೋಡಿದಾಗ ಹಳದಿಯೇ ನಿಂತಿತು.

ಅಮೋನಿಯಾದ ಅಂಕಿಯನ್ನು ಪಿಎಚ್ ಜೊತೆ ಸೇರಿಸಿಯೇ ಓದಬೇಕು. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ, ಕಿಟ್ ತೋರಿಸಿದ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ನೂರಕ್ಕೆ 5ರಷ್ಟಾಗುತ್ತದೆ. ಕಿಟ್ಟಿನಲ್ಲಿ ಅಂಕಿ ಒಂದೇ, ಮೀನಿನ ಪಾಲಿಗೆ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಮ್ಮ ನೀರಿನಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಸಿಕ್ಕಿತು ಅಂದುಕೊಳ್ಳಿ. ಆಗ ಅಂಗಡಿಯ ವಿಚಾರಣೆ ಅಲ್ಲಿಗೇ ನಿಲ್ಲಲಿ. ಹೊಸ ಟ್ಯಾಂಕಿನ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅದಕ್ಕೆ ಮೊದಲೇ ಮೀನು ಬಿಟ್ಟರೆ ಎಂಥ ಅಂಗಡಿಯ ಮೀನಾದರೂ ಒದ್ದಾಡುತ್ತದೆ. ಕಿವಿರು ಕೆಂಪಾಗಿ ಉರಿದಂತೆ ಕಂಡರೆ ಅಮೋನಿಯಾ ನೆನಪಿರಲಿ, ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಎರಡಕ್ಕೂ ಮೊದಲ ಮದ್ದು ಕ್ಲೋರಿನ್ ತೆಗೆದ ಹೊಸ ನೀರು. ನೈಟ್ರೈಟ್ ಆದರೆ ಸ್ವಲ್ಪ ಉಪ್ಪೂ ಸಹಾಯ ಮಾಡುತ್ತದೆ, ಉಪ್ಪಿನ ಕ್ಲೋರೈಡ್ ಅದನ್ನು ಕಿವಿರಿನೊಳಗೆ ಹೋಗಲು ಬಿಡುವುದಿಲ್ಲ.

ನೀರು ಸರಿ ಇದೆಯಾ? ಹಾಗಾದರೆ ಮುಂದೆ ಓದಿ.

ಟ್ಯಾಂಕಿನ ಹಿಂದೆ ಏನಿದೆ

ಚೈನ್ ಸ್ಟೋರ್‌ನಲ್ಲಿ ನಲವತ್ತು ಟ್ಯಾಂಕ್ ಕಂಡರೂ ನೀರಿನ ಲೆಕ್ಕದಲ್ಲಿ ಅದು ಬಹುತೇಕ ಒಂದೇ ಟ್ಯಾಂಕ್. ಪ್ರತಿ ಗಾಜಿನ ಪೆಟ್ಟಿಗೆಯ ಹಿಂಬದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳುಗಳಿರುತ್ತವೆ. ನೀರು ಅಲ್ಲಿಂದ ಉಕ್ಕಿ ಪೈಪು ಸೇರಿ ಕೆಳಗಿನ ದೊಡ್ಡ ತೊಟ್ಟಿಗೆ ಬೀಳುತ್ತದೆ. ಅದಕ್ಕೆ ಸಂಪ್ ಅನ್ನುತ್ತಾರೆ. ಅಲ್ಲಿ ಕಸ ಹಿಡಿಯುವ ಹಾಸು, ಬ್ಯಾಕ್ಟೀರಿಯಾ ಬೆಳೆಯಲು ಪ್ಲಾಸ್ಟಿಕ್ ಉಂಡೆಗಳು, ಹೀಟರ್, ಎಷ್ಟೋ ಕಡೆ ಯುವಿ ದೀಪ. ಪಂಪು ಅದೇ ನೀರನ್ನು ಮತ್ತೆ ಎಲ್ಲಾ ಪೆಟ್ಟಿಗೆಗಳಿಗೂ ಹಂಚುತ್ತದೆ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಹಾಗಾಗಿ ಅವುಗಳ ಸಾಲು ಸಾಮಾನ್ಯವಾಗಿ ಬೇರೆ. ಸಮುದ್ರದ ಮೀನುಗಳದ್ದಂತೂ ಪೂರ್ತಿ ಬೇರೆ.

ಇದರಿಂದ ಮೂರು ವಿಷಯ ಹೊರಡುತ್ತವೆ.

ಅರವತ್ತು ಲೀಟರಿನ ಪೆಟ್ಟಿಗೆಯಲ್ಲಿ ಎಂಬತ್ತು ಟೆಟ್ರಾ ಆರಾಮಾಗಿರುವಂತೆ ಕಾಣುತ್ತದೆ, ಅಲ್ವಾ? ಅವು ಅರವತ್ತು ಲೀಟರಿನಲ್ಲಿಲ್ಲ. ಸಾವಿರಾರು ಲೀಟರ್ ನೀರಿನಲ್ಲಿವೆ, ಅದೂ ಜೋರಾಗಿ ತಿರುಗುವ ನೀರು. ‘ಅವರು ಎಂಬತ್ತು ಇಟ್ಟಿದ್ದಾರೆ, ನಾನು ಇಪ್ಪತ್ತು ಇಡಬಾರದಾ’ ಅನ್ನುವ ಲೆಕ್ಕ ತಪ್ಪುವುದು ಇಲ್ಲಿ.

ಎರಡನೆಯದು, ನೀವು ಕೊಳ್ಳುವ ಮೀನಿನ ಪೆಟ್ಟಿಗೆ ಶುದ್ಧವಾಗಿದ್ದರೆ ಸಾಲದು. ಆ ಸಾಲಿನ ಕೊನೆಯ ಪೆಟ್ಟಿಗೆಯಲ್ಲಿ ರೋಗವಿದ್ದರೆ ಅದು ನಿಮ್ಮ ಪೆಟ್ಟಿಗೆಗೂ ಬರಬಹುದು. ಯುವಿ ದೀಪ ಕೊಲ್ಲುವುದು ತನ್ನ ಮುಂದೆ ಹಾದುಹೋಗುವ ಜೀವಿಗಳನ್ನು ಮಾತ್ರ. ತಳದಲ್ಲಿ ಅಂಟಿಕೊಂಡ ಪರಾವಲಂಬಿಗಳ ಗಂಟುಗಳನ್ನಾಗಲಿ, ಮೀನಿನ ಚರ್ಮದೊಳಗೆ ಕೂತದ್ದನ್ನಾಗಲಿ ಅದು ಮುಟ್ಟುವುದಿಲ್ಲ. ಅದೂ ಸಾಲದ್ದಕ್ಕೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಒದ್ದೆ ಬಲೆ.

ಮೂರನೆಯದು ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಕೆಲವು ಅಂಗಡಿಗಳು ಸಾಲಿನ ನೀರಿನಲ್ಲಿ ಉಪ್ಪನ್ನೋ ತಾಮ್ರದ ಮದ್ದನ್ನೋ ಸಣ್ಣ ಪ್ರಮಾಣದಲ್ಲಿ ಯಾವಾಗಲೂ ಇಟ್ಟಿರುತ್ತವೆ. ಪರಾವಲಂಬಿಗಳು ಸಾಯುವುದಿಲ್ಲ, ತಲೆ ಎತ್ತುವುದೂ ಇಲ್ಲ. ನಿಮ್ಮ ಮನೆಯ ಸಿಹಿನೀರಿಗೆ ಬಂದ ಮೇಲೆ ಆ ತಡೆ ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಮೈತುಂಬ ಚುಕ್ಕೆ. ‘ಅಂಗಡಿಯಲ್ಲಿ ಒಂದೂ ಇರಲಿಲ್ಲ’ ಅಂತ ನಾವು ಹೇಳುವುದೂ ನಿಜ, ರೋಗ ಅಲ್ಲಿಂದಲೇ ಬಂದದ್ದೂ ನಿಜ. ಗುಟ್ಟು ತಿಳಿಯಲು ಒಂದು ದಾರಿ ಇದೆ: ಸೀಗಡಿ, ಬಸವನಹುಳುಗಳನ್ನು ಪೂರ್ತಿ ಬೇರೆ ನೀರಿನಲ್ಲಿ ಇಟ್ಟಿದ್ದಾರಾ ನೋಡಿ. ತಾಮ್ರವಿರುವ ನೀರಿನಲ್ಲಿ ಅವು ಬದುಕುವುದಿಲ್ಲ. ಬೇರೆ ಇಟ್ಟ ಮಾತ್ರಕ್ಕೆ ತಾಮ್ರ ಇದೆ ಅಂತ ಅಲ್ಲ, ಆದರೆ ಕೇಳಲು ಅದೊಂದು ನೆಪ.

ಎಷ್ಟು ದಿನಕ್ಕೆ ಸತ್ತಿತು

ಸಾವಿನ ದಿನ ಎಷ್ಟನೆಯದು ಅನ್ನುವುದು ಒಳ್ಳೆಯ ಸುಳಿವು.

ಮೊದಲ 24 ಗಂಟೆಯಲ್ಲಿ ಸತ್ತರೆ ಅದು ಸಾಮಾನ್ಯವಾಗಿ ಸೋಂಕಲ್ಲ, ಆಘಾತ. ಚೀಲದ ನೀರಿಗೂ ನಿಮ್ಮ ನೀರಿಗೂ ತಾಪಮಾನದಲ್ಲೋ ಗಡಸುತನದಲ್ಲೋ ದೊಡ್ಡ ವ್ಯತ್ಯಾಸವಿತ್ತು ಅಂತ ಅರ್ಥ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಚೀಲದ ನೀರನ್ನೂ ಟ್ಯಾಂಕಿನ ನೀರನ್ನೂ ಅಳೆದು ನೋಡಿ. ಒಂದು 500, ಇನ್ನೊಂದು 100 ಅಂತ ಬಂದರೆ ಕಾರಣ ಸಿಕ್ಕಿದ ಹಾಗೆಯೇ. ಮುಂದಿನ ಸಲ ಚೀಲವನ್ನು 15–20 ನಿಮಿಷ ತೇಲಿಬಿಡಿ, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಸೇರಿಸುತ್ತಾ ಹೋಗಿ. ವ್ಯತ್ಯಾಸ ಜಾಸ್ತಿ ಇದ್ದರೆ ಒಂದು ಗಂಟೆಯಾದರೂ ಪರವಾಗಿಲ್ಲ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೇಡ.

ಇದಕ್ಕೆ ಒಂದು ಅಪವಾದ ಇದೆ. ಚೀಲದಲ್ಲಿ ಒಂದೆರಡು ದಿನ ಪ್ರಯಾಣ ಮಾಡಿದ ಮೀನಿಗೆ ಈ ನಿಧಾನ ಒಗ್ಗುವುದಿಲ್ಲ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡುತ್ತಾ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಪಿಎಚ್ ಇಳಿಯುತ್ತದೆ. ಅಮೋನಿಯಾ ಎಷ್ಟು ಸೇರಿದ್ದರೂ ಇಳಿದ ಪಿಎಚ್‌ನಿಂದಾಗಿ ಅಷ್ಟು ಕಚ್ಚುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ, ಅಷ್ಟು ಹೊತ್ತು ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ. ಮೇಲೆ ಹೇಳಿದ ಹತ್ತು ಪಟ್ಟಿನ ಲೆಕ್ಕ ಇದೇ. ಅಂಥ ಮೀನನ್ನು ಚೀಲ ಬಿಚ್ಚದೆ ತೇಲಿಬಿಟ್ಟು ತಾಪಮಾನ ಸರಿದೂಗಿಸಿ, ಬಿಚ್ಚಿದ ಕೂಡಲೇ ಹೊಸ ನೀರಿಗೆ ಬಿಡಬೇಕು.

ಮನೆಗೆ ಅರ್ಧ ಗಂಟೆಯ ದಾರಿ ಇದ್ದವರಿಗೆ ಇದು ಯಾಕೆ ಬೇಕು ಅನ್ನಿಸಬಹುದು. ನನ್ನ ಆರು ನಿಯಾನ್‌ಗಳ ಕಥೆ ಇರುವುದೇ ಇಲ್ಲಿ. ಆ ಉದ್ದದ ಪ್ರಯಾಣ ನಮ್ಮ ಮನೆಗಲ್ಲ, ಅಂಗಡಿಗೆ. ಫಾರ್ಮಿನಿಂದ ರಫ್ತುದಾರ, ಅಲ್ಲಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ. ಬೆಳಿಗ್ಗೆ ಹತ್ತಾರು ಚೀಲ ಒಟ್ಟಿಗೆ ಬಂದು ಬೀಳುತ್ತವೆ, ಒಬ್ಬರೋ ಇಬ್ಬರೋ ಎಲ್ಲವನ್ನೂ ಬಿಚ್ಚಬೇಕು. ಆ ಏಟು ತಿಂದ ಮೀನು ಒಡನೆ ಸಾಯುವುದಿಲ್ಲ. ಸಂಜೆಗೆ ಬಣ್ಣವನ್ನೂ ತೋರಿಸುತ್ತದೆ. ಸಂಜೆ ನಾನು ಹೋಗಿ ಅದನ್ನೇ ಮತ್ತೆ ಬಲೆ ಹಾಕಿ ಹಿಡಿಸಿ, ಮತ್ತೊಂದು ಚೀಲಕ್ಕೆ ಹಾಕಿಸಿ, ಮತ್ತೊಂದು ನೀರಿಗೆ ಬಿಟ್ಟೆ. ಒಂದೇ ದಿನದಲ್ಲಿ ಎರಡು ಸಲ ನೀರು ಬದಲಾಯಿತು. ಹಾಗಾಗಿ ದಿನ ಎಣಿಸುವಾಗ ನೀವು ತಂದ ದಿನದಿಂದ ಎಣಿಸಬೇಡಿ. ಅಂಗಡಿಗೆ ಬಂದ ದಿನದಿಂದ ಎಣಿಸಿ.

2ರಿಂದ 5 ದಿನದೊಳಗಿನ ಸಾವು ಹೆಚ್ಚಾಗಿ ಈ ಬಗೆಯದು, ಇಲ್ಲವೇ ಬೇಗ ಹರಡುವ ಬ್ಯಾಕ್ಟೀರಿಯಾದ್ದು. ಒಂದು ವಾರದಿಂದ ಎರಡು ವಾರದೊಳಗೆ ಆದರೆ ಪರಾವಲಂಬಿಗಳನ್ನು ಹುಡುಕಿ. ತಿಂಗಳಾದ ಮೇಲೆ ಒಂದೊಂದೇ ಸೊರಗಿ ಸಾಯುತ್ತಿದ್ದರೆ ಹೊಟ್ಟೆಯ ಹುಳು, ಹಸಿವು, ಇಲ್ಲವೇ ನಿಮ್ಮದೇ ನಿರ್ವಹಣೆ. ಗೆರೆ ಕೊಯ್ದಂತೆ ಇರುವುದಿಲ್ಲ, ಆದರೂ ಹುಡುಕಾಟ ಎಲ್ಲಿಂದ ಶುರುಮಾಡಬೇಕು ಅನ್ನುವುದು ತಿಳಿಯುತ್ತದೆ.

ಊಟದ ಸಮಸ್ಯೆ

ಅಂಗಡಿಯಲ್ಲಿ ಮೀನಿಗೆ ಊಟ ಹಾಕುವುದನ್ನು ಒಮ್ಮೆ ನಿಂತು ನೋಡಿ. ನಾನು ಒಂದು ದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿದ್ದೆ. ಕೆಲಸದವಳು ಏಣಿ ಎಳೆದುಕೊಂಡು ಸಾಲು ಹಿಡಿದು ಬಂದಳು. ಮೊದಲು ಸತ್ತದ್ದನ್ನು ಬಲೆಯಲ್ಲಿ ಎತ್ತಿ ಡಬ್ಬಿಗೆ ಹಾಕಿದಳು. ಆಮೇಲೆ ಪ್ರತಿ ಪೆಟ್ಟಿಗೆಗೂ ಒಂದೊಂದು ಚಿಟಿಕೆ ಫ್ಲೇಕ್, ಅಂದರೆ ತೆಳು ಚೂರುಗಳ ಒಣ ಊಟ. ಫ್ಲೇಕ್ ನೀರಿನ ಮೇಲೆ ಬಿತ್ತು. ಗಪ್ಪಿಗಳು ಮುಗಿಬಿದ್ದವು. ಪಂಪಿನ ಹರಿವಿಗೆ ಸಿಕ್ಕಿ ಉಳಿದ ಚೂರುಗಳು ಹಿಂಬದಿಗೆ ಸರಿದು, ಆ ಬಾಚಣಿಗೆ ಸೀಳುಗಳಿಂದ ನುಸುಳಿ ಹೋದವು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಪೆಟ್ಟಿಗೆಯ ತಳದಲ್ಲಿ ಕೂಲಿ ಲೋಚ್ ಅನ್ನುವ ತಳದ ಮೀನುಗಳು ಒಂದರ ಮೇಲೊಂದು ಸುರುಳಿ ಸುತ್ತಿ ಮಲಗಿದ್ದವು. ಅವುಗಳ ಹತ್ತಿರ ಒಂದು ಚೂರೂ ಇಳಿಯಲಿಲ್ಲ.

ಅವಳ ತಪ್ಪಲ್ಲ. ಬಿಲ್ಲು, ಸ್ಟಾಕು, ಗಿರಾಕಿ ಎಲ್ಲವನ್ನೂ ಅವಳೇ ನೋಡಬೇಕು. ಕಡಿಮೆ ಹಾಕುವುದಕ್ಕೆ ಕಾರಣವೂ ಇದೆ. ನಲವತ್ತು ಪೆಟ್ಟಿಗೆಯ ನೀರು ಒಂದೇ ಆದಾಗ ಒಂದರಲ್ಲಿ ಕೊಳೆತ ಊಟ ಎಲ್ಲದರ ನೀರನ್ನೂ ಕೆಡಿಸುತ್ತದೆ. ದಿನಕ್ಕೆ ಒಂದೋ ಎರಡೋ ಸಲ, ಚಿಟಿಕೆಯಷ್ಟು. ಆರೋಗ್ಯವಾಗಿರುವ ದೊಡ್ಡ ಮೀನು ವಾರ ಉಪವಾಸವಿದ್ದರೂ ಬದುಕುತ್ತದೆ, ಹಾಗಾಗಿ ಈ ಲೆಕ್ಕ ನಡೆಯುತ್ತದೆ. ಆದರೆ ಹಿಂದಿನದನ್ನೂ ಕೂಡಿಸಿ ನೋಡಿ. ಚೀಲದ ನೀರು ಕೆಡದಿರಲಿ ಅಂತ ಫಾರ್ಮಿನಲ್ಲಿ ಸಾಗಿಸುವ ಮೊದಲೇ ಒಂದೆರಡು ದಿನ ಊಟ ನಿಲ್ಲಿಸುತ್ತಾರೆ. ದಾರಿಯಲ್ಲಿ ಊಟವಿಲ್ಲ. ಸಗಟು ವ್ಯಾಪಾರಿಯಿಂದ ಅಂಗಡಿಗೆ ಹೊರಡುವ ಮೊದಲು ಮತ್ತೆ ಉಪವಾಸ. ಅಂಗಡಿಗೆ ಬಂದ ದಿನವೂ ಸಾಮಾನ್ಯವಾಗಿ ಇಲ್ಲ. ಮೀನು ನಿಮ್ಮ ಕೈಗೆ ಬರುವಾಗ ಹೊಟ್ಟೆ ಬೆನ್ನಿಗಂಟಿರುವುದು ಸೋಜಿಗವಲ್ಲ.

ಇದರ ಏಟು ಎಲ್ಲಾ ಮೀನಿಗೂ ಒಂದೇ ಥರ ಬೀಳುವುದಿಲ್ಲ. ಮೇಲೆ ಈಜುವ ಗಪ್ಪಿ, ಡಾನಿಯೋಗಳಿಗೆ ಅಷ್ಟೇನೂ ಆಗುವುದಿಲ್ಲ. ತಳದಲ್ಲಿರುವ ಕೋರಿಡೋರಸ್, ಲೋಚ್‌ಗಳಿಗೆ ಜಾಸ್ತಿ. ಎಲ್ಲಕ್ಕಿಂತ ಕೆಟ್ಟ ಪಾಡು ಒಟೊಸಿಂಕ್ಲಸ್‌ದು. ಬಹುತೇಕ ಇವನ್ನು ದಕ್ಷಿಣ ಅಮೆರಿಕದ ನದಿಗಳಿಂದ ಹಿಡಿದು ತರುತ್ತಾರೆ. ದಿನವಿಡೀ ಪಾಚಿ ಕೆರೆದು ತಿನ್ನುವ ಜೀವಿ. ಅಂಗಡಿಯ ಗಾಜು ಫಳಫಳ, ಒಂದು ಎಳೆ ಪಾಚಿ ಇಲ್ಲ. ಫ್ಲೇಕ್ ಅದಕ್ಕೆ ಊಟವೆಂದೇ ಗೊತ್ತಿಲ್ಲ. ‘ಗಾಜು ಸ್ವಚ್ಛ ಮಾಡುತ್ತದೆ’ ಅಂತ ಮಾರುತ್ತಾರೆ, ನಾವೂ ಹೊಸದಾಗಿ ಮಾಡಿದ ಶುದ್ಧ ಟ್ಯಾಂಕಿಗೆ ತಂದು ಬಿಡುತ್ತೇವೆ. ಎರಡು ವಾರದಲ್ಲಿ ಸಾಯುತ್ತದೆ. ನೀರು ಪರೀಕ್ಷಿಸಿದರೆ ಎಲ್ಲಾ ಸರಿ. ಕಾರಣ ಬರೀ ಹಸಿವು.

ಹಸಿವೋ ಹುಳುವೋ ಅಂತ ಬೇರ್ಪಡಿಸುವುದು ಹೇಗೆ? ಮೊದಲು ಮೈ ನೋಡಿ. ಮೇಲಿನಿಂದ ನೋಡಿದಾಗ ತಲೆ ಅಗಲವಾಗಿ, ಮೈ ಕಿರಿದಾಗಿ, ಬೆನ್ನು ಚೂರಿಯ ಅಂಚಿನ ಹಾಗಿದ್ದರೆ ಬಹಳ ದಿನದಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿಲ್ಲ. ಗಾಜಿಗೆ ಅಂಟುವ ಮೀನಾದರೆ ಮುಂದಿನಿಂದ ಹೊಟ್ಟೆ ನೋಡಬಹುದು, ಒಳಗೆ ಗುಳಿ ಬಿದ್ದಿರಬಾರದು. ಆಮೇಲೆ ಊಟ ಕೊಟ್ಟು ನೋಡಿ. ಮೊದಲ ದಿನ ಲೈಟ್ ಆರಿಸಿ ಸುಮ್ಮನೆ ಬಿಡಿ. ಎರಡನೇ ದಿನದಿಂದ ಸ್ವಲ್ಪ ಸ್ವಲ್ಪ, ದಿನಕ್ಕೆ ಎರಡು ಮೂರು ಸಲ. ಒಟ್ಟಿಗೆ ಸುರಿದರೆ ತಿಂದಷ್ಟು ತಿಂದು ಉಳಿದದ್ದು ಕೊಳೆಯುತ್ತದೆ, ಹೊಸ ಟ್ಯಾಂಕಿನಲ್ಲಂತೂ ಅದೇ ಇನ್ನೊಂದು ದೋಷಕ್ಕೆ ದಾರಿ.

ತಿನ್ನುತ್ತಲೇ ಇಲ್ಲವಾದರೆ ಊಟದ ಬಗೆ ಬದಲಾಯಿಸಿ. ಅಂಗಡಿಯಲ್ಲಿ ಏನು ಹಾಕುತ್ತಿದ್ದರು ಅಂತ ಕೇಳಿ ಅದನ್ನೇ ಕೊಡಿ. ನದಿಯಿಂದ ಹಿಡಿದು ತಂದ ಮೀನಾದರೆ ಫ್ರೀಜ್ ಮಾಡಿದ ರಕ್ತಹುಳು, ಬ್ರೈನ್ ಶ್ರಿಂಪ್ ಹಾಕಿ. ತಳದ ಮೀನಿಗೆ ಮುಳುಗುವ ವೇಫರ್, ಅದೂ ಲೈಟ್ ಆರಿಸಿದ ಮೇಲೆ, ಇಲ್ಲದಿದ್ದರೆ ಮೇಲಿನವೇ ಬಂದು ಕಸಿದುಕೊಳ್ಳುತ್ತವೆ. ಒಟೊಗಳಿಗೆ ಬೇಯಿಸಿದ ಸೌತೆಕಾಯಿಯ ಬಿಲ್ಲೆ ಹಾಕಬಹುದು. ಅದಕ್ಕಿಂತ ಒಳ್ಳೆಯದು, ಒಂದೆರಡು ಕಲ್ಲನ್ನು ಬಿಸಿಲಿನಲ್ಲಿ ನೀರಿನ ಬಕೆಟ್ಟಿಗೆ ಹಾಕಿ ಹಸಿರು ಕಟ್ಟಿದ ಮೇಲೆ ಟ್ಯಾಂಕಿಗಿಡುವುದು.

ಬಾಯಿಗೆ ತೆಗೆದುಕೊಂಡು ಉಗುಳುತ್ತಿದೆಯಾ? ಪೆಲೆಟ್ (ಕಾಳಿನಂಥ ಒಣ ಊಟ) ದೊಡ್ಡದಿರಬೇಕು, ಪುಡಿ ಮಾಡಿ ಕೊಟ್ಟು ನೋಡಿ. ಪುಡಿಯನ್ನೂ ಉಗುಳಿದರೆ ಒಳಗೆ ಏನೋ ಇದೆ.

ತಿನ್ನುತ್ತದೆ, ಆದರೂ ಸೊರಗುತ್ತದೆ ಅಂದರೆ ಅನುಮಾನ ಹುಳುಗಳ ಮೇಲೆ ಹೋಗಬೇಕು. ಇಲ್ಲಿ ಎಲ್ಲರೂ ಬೆಚ್ಚುವುದು ಬಿಳಿ ದಾರದಂಥ ಹಿಕ್ಕೆ ನೋಡಿ. ಬೆಚ್ಚುವ ಮೊದಲು ನಾಲ್ಕು ದಿನ ಕಾಯಿರಿ. ಖಾಲಿ ಹೊಟ್ಟೆಯ ಮೀನೂ ಹಾಗೇ ಬಿಳಿ ಲೋಳೆ ಹಾಕುತ್ತದೆ. ಊಟ ಹೊಟ್ಟೆ ಸೇರಿದ ಮೇಲೆ ಊಟದ ಬಣ್ಣಕ್ಕೆ ಬಂದರೆ ಏನೂ ಇಲ್ಲ. ನಾಲ್ಕೈದು ದಿನ ಚೆನ್ನಾಗಿ ತಿಂದೂ ಬಿಳಿಯಾಗೇ ಇದ್ದರೆ ಕರುಳಿನ ಪರಾವಲಂಬಿ ಇರಬಹುದು, ಮೆಟ್ರೊನಿಡಜೋಲ್ ಅನ್ನುವ ಮದ್ದು ಬೇಕಾಗಬಹುದು. ಗಪ್ಪಿಗಳ ಹಿಂಬಾಗಿಲಿನಿಂದ ಕೆಂಪು ನೂಲಿನ ತುದಿಗಳು ಇಣುಕಿದರೆ ಅನುಮಾನವೇ ಬೇಡ, ಅದು ಕಮಲ್ಲಾನಸ್ ಹುಳು. ಅದಕ್ಕೆ ಲೆವಾಮಿಸೋಲ್. ಒಂದು ಮೀನಿನಲ್ಲಿ ಕಂಡರೆ ಟ್ಯಾಂಕಿಗೆಲ್ಲಾ ಮದ್ದು ಹಾಕಬೇಕು, ವಾರ ಎರಡು ವಾರ ಬಿಟ್ಟು ಮತ್ತೊಮ್ಮೆ.

ನಿಮ್ಮ ಊಟದ ಡಬ್ಬಿಯನ್ನೂ ಒಮ್ಮೆ ಮೂಸಿ ನೋಡಿ. ಎರಡು ವರ್ಷದ ಹಿಂದೆ ತೆರೆದದ್ದಾದರೆ ಅದರಲ್ಲಿ ವಿಟಮಿನ್ ಸಿ ಉಳಿದಿರುವುದಿಲ್ಲ, ಕೊಬ್ಬು ಕಮಟು ಹಿಡಿದಿರುತ್ತದೆ. ದೊಡ್ಡ ಡಬ್ಬಿ ಅಗ್ಗ ಅಂತ ತಂದು ಇಡುವುದು ನಮ್ಮೆಲ್ಲರ ಚಾಳಿ.

ಬಟ್ಟಲಿನ ಬೆಟ್ಟಾ

ಬೆಟ್ಟಾಗಳ, ಅಂದರೆ ಫೈಟರ್ ಮೀನುಗಳ ಕಥೆ ಬೇರೆ. ಅವು ಆ ಸಾಲಿನ ನೀರಿನಲ್ಲಿಲ್ಲ. ಕೈಯಗಲದ ಬಟ್ಟಲಿನಲ್ಲಿ ಒಂದೊಂದೇ. ಗಾಳಿಯನ್ನೇ ಉಸಿರಾಡುವ ಅಂಗ ಇರುವುದರಿಂದ ಆ ಬಟ್ಟಲಿನಲ್ಲೂ ಸಾಯುವುದಿಲ್ಲ. ಆದರೆ ಫಿಲ್ಟರಿಲ್ಲ, ಹೀಟರಿಲ್ಲ, ಹಾಕಿದ ಪೆಲೆಟ್ ತಿನ್ನದಿದ್ದರೆ ಅಲ್ಲೇ ಊದಿ ಕೊಳೆಯುತ್ತದೆ. ಬಾಲದ ಅಂಚು ಕರಗಿ ಕಪ್ಪಾಗಿದ್ದರೆ ಅಮೋನಿಯಾದ ಸುಟ್ಟ ಗುರುತು ಅಥವಾ ರೆಕ್ಕೆ ಕೊಳೆತ. ಹೊಸ ತೆಳು ಅಂಚು ಗಾಜಿನ ಹಾಗೆ ಪಾರದರ್ಶಕವಾಗಿ ಬೆಳೆಯುತ್ತಿದ್ದರೆ ವಾಸಿಯಾಗುತ್ತಿದೆ ಅಂತ. ಬಟ್ಟಲಿನ ತಳದಲ್ಲಿ ಬಿದ್ದುಕೊಂಡ ಬೆಟ್ಟಾ ಬಹಳ ಸಲ ರೋಗಿಯಲ್ಲ, ಚಳಿ ಹಿಡಿದದ್ದು ಅಷ್ಟೆ. 26 ಡಿಗ್ರಿ ಶುದ್ಧ ನೀರಿಗೆ ನಿಧಾನವಾಗಿ ತಂದರೆ ಎರಡು ದಿನದಲ್ಲಿ ಬೇರೆಯೇ ಮೀನಾಗುತ್ತದೆ. ಅಲ್ಲಿ ನೀರು ಕೊಳೆತಿರುತ್ತದೆ, ಹಾಗಾಗಿ ಬಟ್ಟಲಿನ ನೀರಿಗೂ ನಿಮ್ಮ ನೀರಿಗೂ ವ್ಯತ್ಯಾಸ ಜಾಸ್ತಿ. ಅವಸರ ಬೇಡ.

ಚುಕ್ಕೆಯೋ, ಹತ್ತಿಯೋ

ಇಲ್ಲಿ ತಪ್ಪು ಗುರುತಿಸಿದರೆ ಮದ್ದೇ ಕೊಲ್ಲುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿ ಬಿಳಿ ಚುಕ್ಕೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ ಅಂದರೆ ಅದು ಇಕ್ ಅನ್ನುವ ಬಿಳಿ ಚುಕ್ಕೆ ರೋಗ. ಆ ಚುಕ್ಕೆಯೊಳಗಿನ ಜೀವಿ ಚರ್ಮದಡಿ ಕೂತಿರುವಾಗ ಮದ್ದು ತಾಗುವುದಿಲ್ಲ. ಅದು ಉದುರಿ, ತಳದಲ್ಲಿ ಗಂಟಾಗಿ, ಒಡೆದು ನೂರಾರು ಮರಿಗಳು ಈಜಿ ಹೊರಟಾಗ ಮಾತ್ರ ಸಾಯುತ್ತದೆ. 25 ಡಿಗ್ರಿಯಲ್ಲಿ ಈ ಸುತ್ತು ಹೆಚ್ಚು ಕಡಿಮೆ ಒಂದು ವಾರದೊಳಗೆ ಮುಗಿಯುತ್ತದೆ. ನೀರನ್ನು ನಿಧಾನವಾಗಿ 28–30 ಡಿಗ್ರಿಗೆ ಏರಿಸಿದರೆ ಬೇಗ ಸುತ್ತುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ಹಾಕಿ. ಚುಕ್ಕೆ ಮಾಯವಾದ ದಿನವೇ ಮದ್ದು ನಿಲ್ಲಿಸಬೇಡಿ. ಮಾಯವಾದದ್ದು ಮೀನಿನ ಮೈಯಿಂದ, ಟ್ಯಾಂಕಿನಿಂದಲ್ಲ.

ಚುಕ್ಕೆಯಲ್ಲ, ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದಂತೆ ಮಾಸಲು ಬಿಳಿ ಪಟ್ಟೆ, ಹತ್ತಿಯಂತೆ ಅಂಚು. ಇದನ್ನು ಬೂಷ್ಟು ಅಂದುಕೊಳ್ಳುತ್ತಾರೆ. ಬಹಳ ಸಲ ಇದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಇದಕ್ಕೆ ಬಿಸಿ ನೀರೆಂದರೆ ಹಬ್ಬ. ಇಕ್ ಅಂತ ತಿಳಿದು 30 ಡಿಗ್ರಿಗೆ ಏರಿಸಿದರೆ ಒಂದೇ ರಾತ್ರಿಯಲ್ಲಿ ಟ್ಯಾಂಕ್ ಖಾಲಿಯಾಗಬಹುದು. ಆ ಮೀನು ತಡೆಯುವಷ್ಟು ತಂಪಿಗೆ ತನ್ನಿ, ಬ್ಯಾಕ್ಟೀರಿಯಾದ ಮದ್ದು ಹಾಕಿ.

ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ನೋಡಿದಾಗ ಮೈಮೇಲೆ ಚಿನ್ನದ ಧೂಳು ಕಂಡರೆ ವೆಲ್ವೆಟ್ ರೋಗ. ಲೈಟ್ ಆರಿಸಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ನಿಯಾನ್‌ನ ಕೆಂಪು ಪಟ್ಟೆಯ ನಡುವೆ ಬಣ್ಣ ಮಾಸಿ ಬಿಳಿಚಿ, ಗುಂಪು ಬಿಟ್ಟು ಒಂದೇ ಈಜುತ್ತಿದ್ದರೆ ನಿಯಾನ್ ಟೆಟ್ರಾ ರೋಗ ಇರಬಹುದು, ಅದಕ್ಕೆ ಮದ್ದಿಲ್ಲ, ಬೇರ್ಪಡಿಸುವುದೊಂದೇ. ಮೋಲಿ ಮೀನು ನಿಂತಲ್ಲೇ ಮೈ ಕುಲುಕುತ್ತಿದ್ದರೆ ಮದ್ದು ಹುಡುಕುವ ಮೊದಲು ನೀರಿನ ಗಡಸುತನ ನೋಡಿ, ಮೆದು ನೀರು ಅದಕ್ಕೆ ಆಗಿಬರುವುದಿಲ್ಲ.

ಮತ್ತೆ ಅಂಗಡಿಗೆ ಹೋದಾಗ

ಲೋಡ್ ಯಾವ ದಿನ ಬರುತ್ತದೆ ಅಂತ ಕೇಳಿ. ದೊಡ್ಡ ಅಂಗಡಿಗಳಿಗೆ ಸಾಮಾನ್ಯವಾಗಿ ವಾರದ ಗೊತ್ತಾದ ದಿನವೇ ಬರುತ್ತದೆ. ಬಂದು ಒಂದು ವಾರವಾದ ಮೀನನ್ನು ಕೊಳ್ಳಿ. ‘ಅಷ್ಟರಲ್ಲಿ ಒಳ್ಳೆಯವೆಲ್ಲ ಖಾಲಿಯಾಗುತ್ತವೆ’ ಅನ್ನುವವರಿದ್ದಾರೆ. ಖಾಲಿಯಾಗಲಿ, ಸತ್ತವೂ ಅಷ್ಟರಲ್ಲೇ ಖಾಲಿಯಾಗಿರುತ್ತವೆ.

ಬೇಕಾದ ಪೆಟ್ಟಿಗೆಯನ್ನಷ್ಟೇ ಅಲ್ಲ, ಇಡೀ ಸಾಲನ್ನು ಒಮ್ಮೆ ನಡೆದು ನೋಡಿ. ಒಂದು ಚಿಟಿಕೆ ಊಟ ಹಾಕಿ ತೋರಿಸಿ ಅಂತ ಕೇಳಿ. ಸಂಕೋಚ ಬೇಡ, ಬಹಳಷ್ಟು ಜನ ಹಾಕುತ್ತಾರೆ. ತಿನ್ನಲು ಬಾರದ್ದನ್ನು ಬಿಡಿ. ನೀರಿನ ಪಿಎಚ್, ತಾಪಮಾನ, ಉಪ್ಪು ಅಥವಾ ಮದ್ದು ಇದೆಯಾ ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಚೀಲದ ನೀರನ್ನು ಮನೆಯಲ್ಲಿ ನೀವೇ ಅಳೆಯಿರಿ.

ಗ್ಯಾರಂಟಿ ಕೇಳಲು ಹೋದಾಗ ಜಗಳದಿಂದ ಶುರುಮಾಡಬೇಡಿ. ಅಂಕಿಗಳಿಂದ ಶುರುಮಾಡಿ. ‘ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಟ್ಯಾಂಕಿನ ಹಳೆಯ ಮೀನು ಒಂದೂ ಸತ್ತಿಲ್ಲ, ಹೊಸವು ಮಾತ್ರ ಇಂಥ ದಿನ ಸತ್ತವು’ ಅಂದರೆ ಎದುರಿನವರಿಗೂ ಹೇಳಲು ಏನೂ ಉಳಿಯುವುದಿಲ್ಲ. ಹಳೆಯವೂ ಸಾಯುತ್ತಿದ್ದರೆ ಮಾತ್ರ ಬಾಯಿ ತೆರೆಯುವ ಮೊದಲು ಯೋಚಿಸಿ.

ಕೊನೆಯದು, ಹೊಸ ಮೀನಿಗೆ ಒಂದು ಬೇರೆ ಸಣ್ಣ ಟ್ಯಾಂಕ್. 30–40 ಲೀಟರ್ ಸಾಕು. ಬರಿ ತಳ, ಹೀಟರ್, ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಪೈಪಿನ ತುಂಡು. 3ರಿಂದ 4 ವಾರ ಅಲ್ಲೇ ಇರಲಿ. ನನ್ನ ಎರಡನೇ ಕಂತಿನಲ್ಲಿ ಸತ್ತ ಆ ಒಂದು ನಿಯಾನ್ ಸತ್ತದ್ದು ಇಲ್ಲಿಯೇ, ಹನ್ನೊಂದನೇ ದಿನ, ಬಿಳಿಚಿದ ಪಟ್ಟೆಯೊಂದಿಗೆ. ಮುಖ್ಯ ಟ್ಯಾಂಕಿಗೆ ಅದರ ಸೋಂಕು ಹೋಗಲಿಲ್ಲ. ಈ ಸಣ್ಣ ಟ್ಯಾಂಕಿಗೆ ಬೇರೆ ಬಲೆ, ಬೇರೆ ಬಕೆಟ್ ಇಡಿ. ಅದರ ಸ್ಪಾಂಜನ್ನು ಮಾತ್ರ ಮೀನು ತರುವುದಕ್ಕೆ ಒಂದು ತಿಂಗಳು ಮೊದಲೇ ಮುಖ್ಯ ಟ್ಯಾಂಕಿನ ಮೂಲೆಯಲ್ಲಿ ಓಡಿಸುತ್ತಿರಿ, ಬ್ಯಾಕ್ಟೀರಿಯಾ ಕಟ್ಟಿಕೊಂಡಿರುತ್ತದೆ. ಒಮ್ಮೆ ಕ್ವಾರಂಟೈನ್‌ಗೆ ಹೋದ ಸ್ಪಾಂಜನ್ನು ವಾಪಸ್ ತರುವ ಮೊದಲು ಬ್ಲೀಚಿನಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಪೂರ್ತಿ ಒಣಗಿಸಿ.